ಅವಧಾನ, ಬಲ, ವೇಗ

ಮೂರು ಲ್ಯಾಟಿನ್ ಪದಗಳ ಒಂದು ಧ್ಯೇಯವಾಕ್ಯವನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡಬೇಕೆಂದು ಬಹುದಿನಗಳಿಂದ ಯೋಚಿಸುತ್ತಿದ್ದೆನು. ಡಿಲಿಜೆಂಟಿಯಾ, ವಿಸ್, ಕೆಲೆರಿಟಾಸ್ ಎಂಬಿವೇ ಆ ಪದಗಳು. ಯಾವುದೋ ಪುರಾತನ ವಿದ್ಯಾಪೀಠದ ಮುದ್ರಿಕೆಯಲ್ಲಿ ಕೆತ್ತಿದ ಮಾತುಗಳೆಂದು ಊಹಿಸಿದರೆ ಅದು ಅಸಹಜವಲ್ಲ. ಆದರೆ ಇವು ಪಿಸ್ತೂಲನ್ನು ಹಿಡಿದು, ಗಡಿಯಾರಕ್ಕೆ ಎದುರಾಗಿ, ಒಂದು ಗುರಿಯಿಂದ ಇನ್ನೊಂದು ಗುರಿಗೆ ಓಡುತ್ತ ಗುಂಡು ಹೊಡೆಯುವ ಒಂದು ಸ್ಪರ್ಧಾವಿದ್ಯೆಯ ಧ್ಯೇಯವಾಕ್ಯ. ಆ ವಿದ್ಯೆಗೆ ಅದರ ಅಭ್ಯಾಸಿಗಳು ಪ್ರಾಯೋಗಿಕ ಪಿಸ್ತೂಲುವಿದ್ಯೆಯೆಂದು ಹೆಸರಿಟ್ಟಿದ್ದಾರೆ.

ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿ ಬೆಳೆದು, ಹುಡುಗರಿಗೆ ವಿಭಕ್ತಿ ಸಮಾಸಗಳನ್ನು ಹೇಳಿಕೊಟ್ಟು ಮುಪ್ಪಿಗೆ ಬಂದ ಉಪಾಧ್ಯಾಯನಿಗೂ ಪಿಸ್ತೂಲಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧ ಬಂದದ್ದು ಮಗನ ಮೂಲಕ. 2023ರ ಬೇಸಗೆಯನ್ನು ನಾನು ಅಮೆರಿಕದ ಮಿಸ್ಸೂರಿ ರಾಜ್ಯದಲ್ಲಿ ಅವನ ಮನೆಯಲ್ಲಿ ಕಳೆದೆನು. ಅವನಿಗೆ ನಲವತ್ತು ವಯಸ್ಸು. ಆ ದೇಶದ ಪ್ರಜೆಯಾಗಿ ಕೆಲವು ವರ್ಷಗಳಾಗಿವೆ. ಆ ವರ್ಷದ ಚಳಿಗಾಲದಲ್ಲಿ ಅವನು ಪಿಸ್ತೂಲೊಂದನ್ನು ಕೊಂಡು ಈ ವಿದ್ಯೆಗೆ ಸೇರಿದ್ದನು. ಸೊಸೆಗೆ ಇದು ಸ್ವಲ್ಪವೂ ಒಪ್ಪಿಗೆಯಾಗಿರಲಿಲ್ಲ. ಮನೆಯಲ್ಲಿ ಒಂಬತ್ತು ವರ್ಷದ ಮೊಮ್ಮಗನಿದ್ದಾನೆ. "ತಾವು ಒಂದು ಮಾತು ಹೇಳಿದರೆ ಅವರು ಕೇಳುವರು" ಎಂದು ಆಕೆ ನನ್ನೊಡನೆ ಏಕಾಂತದಲ್ಲಿ ಹೇಳಿದಳು. "ಒಂದು ಮಾತು ಹೇಳುವ ಮುಂಚೆ ಒಂದು ಸಲ ಬಂದು ನೋಡಿ" ಎಂದು ಮಗನೂ ಏಕಾಂತದಲ್ಲಿ ಹೇಳಿದನು. ಪ್ರತ್ಯಕ್ಷಕ್ಕೆ ಅವಕಾಶವಿರುವಾಗ ಅನುಮಾನವನ್ನು ಆಶ್ರಯಿಸುವುದು ನಮ್ಮ ತರ್ಕಶಾಸ್ತ್ರಕ್ಕೂ ಸಮ್ಮತವಲ್ಲವಷ್ಟೆ. ಆದಕಾರಣ ತಿಂಗಳಿಗೊಂದರಂತೆ ಐದು ಭಾನುವಾರ ನಾನು ಅವನ ಸಂಗಡ ಆ ಗುರಿಮೈದಾನಕ್ಕೆ ಹೋದೆನು.

ಮೈದಾನವು ಊರಿನ ಹೊರಗೆ, ಜೋಳದ ಹೊಲಗಳ ನಡುವೆ ಇದ್ದಿತು. ಮೂರು ಕಡೆಗೂ ಎರಡಾಳೆತ್ತರಕ್ಕೆ ಮಣ್ಣಿನ ದಿಬ್ಬವನ್ನು ಕಟ್ಟಿ, ಒಂದರ ಪಕ್ಕಕ್ಕೊಂದರಂತೆ ಐದಾರು ಅಂಗಳಗಳನ್ನು ಮಾಡಿದ್ದರು. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ, ಇವಿಲ್ಲದೆ ಒಳಗೆ ಕಾಲಿಡಕೂಡದು. ಇದು ನೋಡಲು ಬಂದವರಿಗೂ ನಿಯಮ. ಬಂದವರಲ್ಲಿ ವೈದ್ಯರು, ಬಡಗಿಗಳು, ಲಾರಿ ಓಡಿಸುವವರು, ಶಾಲೆಯ ಉಪಾಧ್ಯಾಯಿನಿಯರು, ನನ್ನ ವಯಸ್ಸಿನ ಇಬ್ಬರು ವೃದ್ಧರು ಇದ್ದರು. ನಮ್ಮ ಕಡೆಯ ಜಾತ್ರೆಯಲ್ಲಿ ಕಾಣುವಂತೆ ಬುತ್ತಿಯ ಡಬ್ಬಿಗಳೂ ನೀರಿನ ಹೂಜಿಗಳೂ ಇದ್ದುವು.

ಈ ವಿದ್ಯೆಯ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವುದು ಅವಶ್ಯ. ಜೆಫ್ ಕೂಪರ್ (1920–2006) ಎಂಬಾತನು ಇದರ ಮೂಲಪುರುಷ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಮರೀನ್ ದಳದಲ್ಲಿದ್ದವನು. ಆಮೇಲೆ ಇತಿಹಾಸವನ್ನು ಓದಿ, ಕೆಲವು ಕಾಲ ಇತಿಹಾಸದ ಉಪಾಧ್ಯಾಯನೂ ಆಗಿದ್ದನು. ಅದಕ್ಕೆ ಮುಂಚೆ ಪಿಸ್ತೂಲಿನ ಸ್ಪರ್ಧೆಯೆಂದರೆ ಒಂದು ಕೈಯನ್ನು ನೀಳವಾಗಿ ಚಾಚಿ, ನಿಂತಲ್ಲಿಯೇ ನಿಂತು, ವೃತ್ತಾಕಾರದ ಗುರಿಯನ್ನು ಸಾವಕಾಶವಾಗಿ ಹೊಡೆಯುವುದು. 1950ರ ದಶಕದಲ್ಲಿ ಕ್ಯಾಲಿಫೋರ್ನಿಯದ ಬಿಗ್ ಬೇರ್ ಎಂಬಲ್ಲಿ ಕೂಪರನು ಬೇರೊಂದು ಬಗೆಯ ಪಂದ್ಯವನ್ನು ನಡೆಸತೊಡಗಿದನು. ಒರೆಯಿಂದ ಪಿಸ್ತೂಲನ್ನು ಸೆಳೆದು ಗುರಿಯನ್ನು ಯಾರು ಮೊದಲು ಹೊಡೆಯುವರೋ ಅವರು ಗೆದ್ದಂತೆ. ಸ್ಪರ್ಧಿಗಳು ಪಿಸ್ತೂಲನ್ನು ಸೊಂಟದ ಮಟ್ಟದಿಂದಲೇ ಸಿಡಿಸುತ್ತಿದ್ದರು. ಹಲವರ ಗುಂಡುಗಳು ಗುರಿಯ ಆಚೆ ಈಚೆ ಹಾರಿಹೋಗುತ್ತಿದ್ದುವು. ಆಗ ಜ್ಯಾಕ್ ವೀವರ್ ಎಂಬ ಪೊಲೀಸು ಅಧಿಕಾರಿಯೊಬ್ಬನು ಎರಡು ಕೈಗಳಿಂದಲೂ ಪಿಸ್ತೂಲನ್ನು ಹಿಡಿದು, ಕಣ್ಣಿನ ಮಟ್ಟಕ್ಕೆ ಎತ್ತಿ, ಗುರಿಕಂಡಿಯಲ್ಲಿ ನೋಡಿ ಹೊಡೆದನು. ಆ ಒಂದು ಕ್ಷಣ ತಡಮಾಡಿದವನೇ ಅವಸರದವರನ್ನು ಗೆದ್ದನು. ಆ ನಿಲುವಿಗೆ ಇಂದಿಗೂ ಅವನ ಹೆಸರೇ ಇದೆ. ಮುಂದೆ 1976ರಲ್ಲಿ ಇದೇ ಮಿಸ್ಸೂರಿ ರಾಜ್ಯದ ಕೊಲಂಬಿಯ ಪಟ್ಟಣದಲ್ಲಿ ಹಲವು ದೇಶಗಳವರು ಸೇರಿ ಅಂತಾರಾಷ್ಟ್ರೀಯ ಸಂಘವೊಂದನ್ನು ಸ್ಥಾಪಿಸಿದರು. ಕೂಪರನು ಅದರ ಮೊದಲ ಅಧ್ಯಕ್ಷನಾದನು. ಅಮೆರಿಕದ ಶಾಖಾಸಂಘವು 1984ರಲ್ಲಿ ರೂಪುಗೊಂಡಿತು.

ಆ ಸಂಘದವರೇ ಮೇಲೆ ಹೇಳಿದ ಧ್ಯೇಯವಾಕ್ಯವನ್ನು ಇಟ್ಟುಕೊಂಡರು. ಅಭ್ಯಾಸಿಗಳು ಅದನ್ನು ನಿಖರತೆ, ಬಲ, ವೇಗ ಎಂದು ಅರ್ಥಮಾಡುತ್ತಾರೆ. ಬಲವೂ ವೇಗವೂ ಸರಿಯೇ. ಆದರೆ ಡಿಲಿಜೆಂಟಿಯಾ ಎಂಬುದಕ್ಕೆ ಲ್ಯಾಟಿನ್ನಿನಲ್ಲಿ ನಿಖರತೆಯೆಂಬುದು ಮುಖ್ಯಾರ್ಥವಲ್ಲ. ಎಚ್ಚರ, ಆಸ್ಥೆ, ಅವಧಾನ ಎಂಬುದೇ ಮುಖ್ಯಾರ್ಥ. ಆ ಪದದ ಧಾತುವಿಗೆ ಪ್ರೀತಿಸು, ಆದರಿಸು ಎಂಬ ಅರ್ಥವುಂಟು. ಪ್ರೀತಿಯಿರುವಲ್ಲಿ ಹುಟ್ಟುವ ಎಚ್ಚರವೆಂದು ಅದನ್ನು ವಿವರಿಸಬಹುದು. ಶಬ್ದಾರ್ಥವನ್ನು ಕೆದಕುವುದು ನನ್ನ ಹಳೆಯ ಅಭ್ಯಾಸವಾದ್ದರಿಂದ ಮೊದಲನೆಯ ದಿನವೇ ಇದು ಮನಸ್ಸಿಗೆ ಬಂದಿತು. ಐದು ಭಾನುವಾರಗಳಲ್ಲಿ ನಾನು ಕಂಡುದೆಲ್ಲವೂ ಈ ಒಂದು ಪದದ ಟೀಕೆಯಂತೆ ತೋರಿತು.

ಹೊಸಬನಾಗಿ ಬಂದವನು ಮೊದಲು ಕಲಿಯತಕ್ಕದ್ದು ಹೊಡೆಯುವುದನ್ನಲ್ಲ. ಆ ಮೈದಾನದಲ್ಲಿ ಯಾರ ಪಿಸ್ತೂಲಿನಲ್ಲಿಯೂ ಗುಂಡು ಇರಕೂಡದು. ಎಲ್ಲರ ಒರೆಯಲ್ಲಿರುವುದೂ ಬರಿದಾದ ಪಿಸ್ತೂಲು. ಅದನ್ನು ಒರೆಯಿಂದ ತೆಗೆಯಬೇಕಾದರೆ ಅದಕ್ಕೆಂದೇ ಬೇರೆ ಒಂದು ಮೇಜು ಉಂಟು. ಆ ಮೇಜಿನ ಬಳಿ ಪಿಸ್ತೂಲನ್ನು ಮುಟ್ಟಬಹುದು, ಒರಸಬಹುದು, ಸೆಳೆದು ಅಭ್ಯಾಸ ಮಾಡಬಹುದು; ಗುಂಡನ್ನು ಮಾತ್ರ ಮುಟ್ಟಲಾಗದು, ಅಭ್ಯಾಸಕ್ಕಾಗಿ ಮಾಡಿದ ಸುಳ್ಳುಗುಂಡನ್ನು ಸಹ. ಮೇಜಿನಿಂದ ಆಚೆಗೆ ಬಂದ ಮೇಲೆ ಗುಂಡನ್ನು ಮುಟ್ಟಬಹುದು, ಪಿಸ್ತೂಲನ್ನು ಮುಟ್ಟಲಾಗದು. ಎರಡೂ ಕೂಡುವುದು ಅಂಗಳದೊಳಗೆ, ನಿರೀಕ್ಷಕನು ಪಕ್ಕದಲ್ಲಿ ನಿಂತು ಸಿದ್ಧನಾಗೆಂದು ಅಪ್ಪಣೆ ಕೊಟ್ಟ ಮೇಲೆಯೇ. ನಮ್ಮ ಮನೆಗಳಲ್ಲಿ ಮಡಿ ಮೈಲಿಗೆಯ ವಿಧಿಗಳನ್ನು ಬಲ್ಲವರಿಗೆ ಈ ಏರ್ಪಾಡು ಬಹು ಬೇಗ ಅರ್ಥವಾಗುವುದು.

ಆಯುಧವನ್ನು ಗೌರವದಿಂದ ಕಾಣುವುದು ನಮ್ಮ ನಾಡಿಗೆ ಹೊಸತಲ್ಲ. ಆಯುಧಪೂಜೆ ಎಲ್ಲರ ಮನೆಯಲ್ಲಿಯೂ ಉಂಟು. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಗಳನ್ನು ಹೂವಿನಿಂದ ಅಲಂಕರಿಸಿ ಪೂಜಿಸಿ, ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಯನ್ನು ಗುರಿಯಿಟ್ಟು ಹೊಡೆಯುವ ಪಂದ್ಯ ನಡೆಯುತ್ತದೆ. ಆದರೆ ಆ ಮೈದಾನದಲ್ಲಿ ಕಂಡುದು ಪೂಜಾಭಾವವಲ್ಲ; ಪಿಸ್ತೂಲಿನ ವಿಷಯದಲ್ಲಿ ಎಡೆಬಿಡದ ಅವಿಶ್ವಾಸ.

ಕೂಪರನು ನಾಲ್ಕು ನಿಯಮಗಳನ್ನು ಪ್ರಚಾರಕ್ಕೆ ತಂದನು. ಎಲ್ಲ ಬಂದೂಕುಗಳಲ್ಲಿಯೂ ಸರ್ವದಾ ಗುಂಡು ಉಂಟೆಂದೇ ನಡೆದುಕೊಳ್ಳಬೇಕು. ನಾಶಮಾಡಲು ಮನಸ್ಸಿಲ್ಲದ ಯಾವ ವಸ್ತುವಿನ ಕಡೆಗೂ ನಳಿಗೆಯ ಬಾಯಿ ತಿರುಗಕೂಡದು. ಕಣ್ಣು ಗುರಿಯ ಮೇಲೆ ನಿಲ್ಲುವ ತನಕ ಬೆರಳು ಟ್ರಿಗರಿನ ಹೊರಗೇ ಇರಬೇಕು. ಹೊಡೆಯುವುದು ಯಾವುದನ್ನೆಂದೂ ಅದರ ಹಿಂದೆ ಏನಿದೆಯೆಂದೂ ನಿಶ್ಚಯವಾಗಿ ತಿಳಿದಿರಬೇಕು. ಮಗನು ಈ ನಾಲ್ಕನ್ನೂ ನನಗೆ ಒಪ್ಪಿಸಿದಾಗ ನಾಲ್ಕನೆಯದು ನನ್ನ ಮನಸ್ಸಿಗೆ ನಾಟಿತು. ದಶರಥನಿಗೆ ಧನುರ್ವೇದದಲ್ಲಿ ಕೊರತೆಯೇನಿತ್ತು? ಕತ್ತಲೆಯಲ್ಲಿ ಶಬ್ದವೊಂದನ್ನೇ ಕೇಳಿ ಗುರಿಯನ್ನು ಭೇದಿಸುವ ವಿದ್ಯೆ ಅವನಿಗೆ ಸಾಧಿಸಿದ್ದಿತು. ಸರಯೂ ತೀರದಲ್ಲಿ ಅವನ ಬಾಣ ಸ್ವಲ್ಪವೂ ತಪ್ಪಲಿಲ್ಲ. ನೀರು ಕುಡಿಯುವ ಆನೆಯೆಂದು ಬಗೆದು ಬಿಟ್ಟ ಬಾಣ ಕೊಡವನ್ನು ತುಂಬಿಸುತ್ತಿದ್ದ ಮುನಿಕುಮಾರನ ಎದೆಗೆ ನಾಟಿತು. ನಿಖರತೆಯಿದ್ದಿತು, ಬಲವಿದ್ದಿತು, ವೇಗವಿದ್ದಿತು, ಅವಧಾನವೊಂದು ಇರಲಿಲ್ಲ. ರಾಮಾಯಣದ ದುಃಖಕ್ಕೆಲ್ಲ ಅಲ್ಲಿಯೇ ಒಂದು ಬೀಜ ಬಿದ್ದಿತು. ಡಿಲಿಜೆಂಟಿಯಾ ಪದವನ್ನು ನಿಖರತೆಯೆಂದು ಅರ್ಥಮಾಡಿದರೆ ಸಾಲದೆಂಬುದಕ್ಕೆ ಇದಕ್ಕಿಂತ ಮೇಲಾದ ದೃಷ್ಟಾಂತ ನನಗೆ ತಿಳಿಯದು.

ಮೈದಾನದಲ್ಲಿ ನೋಡಲು ಬಂದವರು ಸುಮ್ಮನೆ ಕೂತಿರುವ ವಾಡಿಕೆಯಿಲ್ಲ. ನನಗೂ ಒಂದು ಕೆಲಸ ಸಿಕ್ಕಿತು. ಒಬ್ಬೊಬ್ಬನು ಹೊಡೆದು ಮುಗಿಸಿದ ಮೇಲೆ ನಿರೀಕ್ಷಕನು ಹಲಗೆಗಳ ಬಳಿಗೆ ಹೋಗಿ ಅಂಕಗಳನ್ನು ಕೂಗುವನು. ಅವನ ಹಿಂದೆಯೇ ನಾಲ್ಕಾರು ಮಂದಿ ಹೋಗಿ, ಗುಂಡು ಕೊರೆದ ತೂತುಗಳ ಮೇಲೆ ಅಂಟುಕಾಗದದ ತುಣುಕುಗಳನ್ನು ಹಚ್ಚಿ, ಬಿದ್ದ ಉಕ್ಕಿನ ಫಲಕಗಳನ್ನು ಎತ್ತಿ ನಿಲ್ಲಿಸಿ, ಮುಂದಿನವನಿಗೆ ಅಂಗಳವನ್ನು ಸಿದ್ಧಪಡಿಸುವರು. ಗೆದ್ದವನೂ ಸೋತವನೂ ಈ ಕೆಲಸಕ್ಕೆ ಬರುವರು. ಅಂಟುಕಾಗದದ ಸುರುಳಿಯೊಂದು ನನ್ನ ಕೈಗೆ ಬಂದಿತು. ಮೂವತ್ತು ವರ್ಷ ಹುಡುಗರ ಉತ್ತರಪತ್ರಿಕೆಗಳನ್ನು ತಿದ್ದಿದವನಿಗೆ ಇದು ಒಗ್ಗುವ ಕೆಲಸವೇ. ಯಾರ ಗುಂಡು ಎಲ್ಲಿ ಬಿದ್ದಿತೆಂಬುದನ್ನು ಹತ್ತಿರದಿಂದ ನೋಡುವ ಅವಕಾಶವೂ ಆಯಿತು.

ಹಲಗೆಯೆಂದರೆ ಕಂದುಬಣ್ಣದ ರಟ್ಟು. ಅದಕ್ಕೆ ತಲೆ ಭುಜಗಳುಳ್ಳ ಮನುಷ್ಯನ ಛಾಯೆಯುಂಟು. ಇದನ್ನು ಮುಚ್ಚಿ ಹೇಳುವುದರಿಂದ ಪ್ರಯೋಜನವಿಲ್ಲ. ತಲೆಯಿಲ್ಲದ ಎಂಟು ಮೂಲೆಯ ಹಲಗೆಯೂ ಈ ವಿದ್ಯೆಯಲ್ಲಿ ಬಳಕೆಯಲ್ಲಿದೆ. ಅದನ್ನು ಕಂಡಾಗ ಮನಸ್ಸಿಗೆ ಸ್ವಲ್ಪ ಸಮಾಧಾನವಾಗುತ್ತದೆ. ಹಲಗೆಯ ಮೇಲೆ ಮೂರು ವಲಯಗಳು. ಸಾಧಾರಣ ಬಲದ ಪಿಸ್ತೂಲಿನವರಿಗೆ ನಡುವಣ ವಲಯಕ್ಕೆ 5 ಅಂಕ, ಅದರಾಚೆಗೆ 3, ಅಂಚಿನಲ್ಲಿ 1. ಒಂದೊಂದು ಹಲಗೆಗೂ ಎರಡು ಗುಂಡು ಬೀಳಬೇಕು. ಬೀಳದ ಒಂದೊಂದಕ್ಕೂ 10 ಅಂಕ ಕಳೆಯುವರು. ಕಂದು ಹಲಗೆಗಳ ನಡುನಡುವೆ ಬಿಳಿಯ ಹಲಗೆಗಳನ್ನೂ ನಿಲ್ಲಿಸಿರುವರು, ಅವು ಹೊಡೆಯಬಾರದವು. ಅವಕ್ಕೆ ತಗುಲಿದ ಗುಂಡಿಗೂ 10 ಅಂಕದ ದಂಡ. ದ್ರೋಣನ ಪರೀಕ್ಷೆಯಲ್ಲಿ ಅರ್ಜುನನಿಗೆ ಹಕ್ಕಿಯ ಕಣ್ಣಲ್ಲದೆ ಬೇರೊಂದು ಕಾಣಲಿಲ್ಲವೆಂದು ನಾವು ಮಕ್ಕಳಿಗೆ ಹೇಳುತ್ತ ಬಂದಿದ್ದೇವೆ. ಅದು ಏಕಾಗ್ರತೆ. ಈ ಅಂಗಳದಲ್ಲಿ ಅದರ ಜೊತೆಗೆ ಇನ್ನೊಂದು ಬೇಕು: ಹಕ್ಕಿಯ ಪಕ್ಕದಲ್ಲಿ ಕುಳಿತಿರುವುದು ಯಾವುದೆಂಬುದೂ ಕಾಣಬೇಕು.

ಬಲವನ್ನು ಅಳೆಯುವ ಕ್ರಮವೂ ಸ್ವಾರಸ್ಯವಾಗಿದೆ. ಗುಂಡಿನ ತೂಕವನ್ನು ಗ್ರೇನ್ ಎಂಬ ಮಾನದಲ್ಲಿ ತೆಗೆದುಕೊಂಡು, ಅದು ಸೆಕೆಂಡಿಗೆ ಎಷ್ಟು ಅಡಿ ಹೋಗುವುದೋ ಅದರಿಂದ ಗುಣಿಸಿ, 1000ದಿಂದ ಭಾಗಿಸುವರು. ಗ್ರೇನ್ ಎಂಬುದು ನಮ್ಮ ಗುಲಗಂಜಿಗಿಂತಲೂ ಹಗುರವಾದ ತೂಕ. ಮಗನ ಗುಂಡಿನ ತೂಕ 124 ಗ್ರೇನ್, ಎಂದರೆ ಸುಮಾರು 8 ಗ್ರಾಂ. ವೇಗ 1050 ಅಡಿ. ಲಬ್ಧ 130.2. ಕನಿಷ್ಠ ಪಕ್ಷ 125 ಇರಬೇಕೆಂದು ನಿಯಮ. 165 ಮುಟ್ಟಿದವರನ್ನು ಹೆಚ್ಚು ಬಲದ ವರ್ಗಕ್ಕೆ ಸೇರಿಸಿ, ನಡುವಲಯದ ಹೊರಗೆ ಬಿದ್ದ ಗುಂಡಿಗೆ ಒಂದೊಂದು ಅಂಕ ಹೆಚ್ಚಾಗಿ ಕೊಡುವರು. ಹೆಚ್ಚು ಬಲದ ಪಿಸ್ತೂಲು ಕೈಯನ್ನು ಹೆಚ್ಚಾಗಿ ಒದೆಯುವುದು. ಆ ಕಷ್ಟಕ್ಕೆ ಅದು ಪರಿಹಾರ.

ಆದರೆ ಮುಖ್ಯವಾದ ಲೆಕ್ಕ ಬೇರೆ. ನಿರೀಕ್ಷಕನ ಕೈಯಲ್ಲಿ ಅಂಗೈಯಗಲದ ಒಂದು ಯಂತ್ರವಿರುವುದು. ಅದು ಕೀಚೆಂದು ಕೂಗಿದೊಡನೆ ಸ್ಪರ್ಧಿಯು ತೊಡಗುವನು. ಅವನ ಕೊನೆಯ ಗುಂಡಿನ ಸದ್ದನ್ನು ಆ ಯಂತ್ರವೇ ಕೇಳಿ, ಸೆಕೆಂಡಿನ ನೂರನೆಯ ಒಂದು ಭಾಗದ ತನಕ ಕಾಲವನ್ನು ತೋರಿಸುವುದು. ಗಳಿಸಿದ ಅಂಕವನ್ನು ಆ ಕಾಲದಿಂದ ಭಾಗಿಸಿದರೆ ಬರುವುದೇ ಫಲ. ಮಗನ ಆಟದಿಂದಲೇ ದೃಷ್ಟಾಂತ ಕೊಡುವೆನು. ಎಂಟು ರಟ್ಟಿನ ಹಲಗೆ, ನಾಲ್ಕು ಉಕ್ಕಿನ ಫಲಕ. ಒಟ್ಟು 20 ಗುಂಡು, 100 ಅಂಕ. ಮೊದಲನೆಯ ಅಂಗಳದಲ್ಲಿ ಅವನು ಒಂದೊಂದು ಗುರಿಗೂ ನಿಂತು ನಿಂತು ಹೊಡೆದು 98 ಅಂಕ ಗಳಿಸಿದನು. ಹಿಡಿದ ಕಾಲ 49 ಸೆಕೆಂಡು, ಫಲ 2. ಅದೇ ಅಂಗಳದಲ್ಲಿ ನುರಿತವನೊಬ್ಬನು 94 ಅಂಕವನ್ನು 18.8 ಸೆಕೆಂಡಿನಲ್ಲಿ ಗಳಿಸಿದನು, ಫಲ 5. ಇದನ್ನು ಕಂಡು ಮಗನಿಗೆ ಅವಸರ ಹುಟ್ಟಿತು. ಅಷ್ಟೇ ಗುರಿಗಳಿದ್ದ ಮುಂದಿನ ಅಂಗಳದಲ್ಲಿ 25 ಸೆಕೆಂಡಿಗೇ ಮುಗಿಸಿ ನಗುತ್ತ ಬಂದನು. ನಾನು ಅಂಟುಕಾಗದ ಹಿಡಿದು ಹೋಗಿ ನೋಡಿದರೆ ಎರಡು ಗುಂಡು ಎಲ್ಲಿಯೂ ಇಲ್ಲ. ಒಂದು ಬಿಳಿಯ ಹಲಗೆಯ ಎದೆಯ ಮೇಲೆ ಇದೆ. ಗಳಿಸಿದ 70ರಲ್ಲಿ ದಂಡದ 30 ಕಳೆದು ಉಳಿದದ್ದು 40, ಫಲ 1.6. ಕಾಲವನ್ನು ಅರ್ಧಕ್ಕೆ ಇಳಿಸಿದವನು ಮೊದಲಿಗಿಂತಲೂ ಹಿಂದಕ್ಕೆ ಬಿದ್ದನು.

ಆ ದಿನ ಅವನಿಗೆ ಬುದ್ಧಿ ಹೇಳಿದವನು ನನ್ನ ವಯಸ್ಸಿನ ಒಬ್ಬ ವೃದ್ಧ. ಗುಂಡು ಹೊಡೆಯುವ ಕ್ಷಣದಲ್ಲಿ ಆತುರಪಡುವುದರಿಂದ ಬೇಗ ಮುಗಿಯುವುದಿಲ್ಲ. ಗುಂಡುಗಳ ನಡುವೆ ವ್ಯರ್ಥವಾಗಿ ಹೋಗುವ ಕಾಲವನ್ನು ಉಳಿಸಿದರೆ ಬೇಗ ಮುಗಿಯುವುದು, ಎಂಬುದು ಅವನ ಉಪದೇಶದ ಸಾರ. ಎಲ್ಲಿ ನಿಂತರೆ ಯಾವ ಗುರಿ ಕಾಣುವುದು, ಮ್ಯಾಗಜೀನೆಂಬ ಗುಂಡಿನ ಡಬ್ಬಿಯನ್ನು ಯಾವ ಹೆಜ್ಜೆಯಲ್ಲಿ ಬದಲಿಸಬೇಕು, ಇದೆಲ್ಲವೂ ಯಂತ್ರ ಕೂಗುವ ಮುಂಚೆಯೇ ಮನಸ್ಸಿನಲ್ಲಿ ನಿಶ್ಚಯವಾಗಿರಬೇಕು. ಅದಕ್ಕಾಗಿ ಎಲ್ಲರಿಗೂ ಕೆಲವು ನಿಮಿಷ ಅಂಗಳವನ್ನು ಬರಿಗೈಯಲ್ಲಿ ಸುತ್ತಿನೋಡಲು ಬಿಡುವರು. ಆಗಿನ ನೋಟ ವಿಚಿತ್ರವಾದದ್ದು. ದೊಡ್ಡ ದೊಡ್ಡ ಗಂಡಸರೂ ಹೆಂಗಸರೂ ತೋರುಬೆರಳನ್ನು ಚಾಚಿ, ತುಟಿಯಲ್ಲಿ ಎಣಿಸುತ್ತ, ಹಿಂದಕ್ಕೂ ಮುಂದಕ್ಕೂ ಹೆಜ್ಜೆಯಿಡುವರು. ನನಗೆ ನಮ್ಮ ಪಾಠಶಾಲೆಯ ವೇದಾಧ್ಯಾಯಿಗಳ ನೆನಪಾಯಿತು. ಪದವನ್ನು ಬಿಡಿಸಿ ಹೇಳಿ, ಎರಡೆರಡನ್ನು ಕೂಡಿಸಿ ಕ್ರಮದಲ್ಲಿ ಹೇಳಿ, ಹಿಂದುಮುಂದಾಗಿ ಹೆಣೆದು ಜಟೆಯಲ್ಲಿ ಹೇಳಿ, ಕೊನೆಗೆ ಘನಕ್ಕೆ ಬರುವರು. ಸಭೆಯಲ್ಲಿ ಘನಪಾಠಿಯ ಬಾಯಿಂದ ಧಾರೆಯಾಗಿ ಬರುವ ವೇಗವು ಅವಸರದ ಫಲವಲ್ಲ. ಸಾವಧಾನವಾಗಿ ಹೇಳಿದ ಸಾವಿರ ಆವೃತ್ತಿಗಳ ಫಲ.

ಮಗನೂ ಅಂದಿನಿಂದ ಆವೃತ್ತಿಗೆ ತೊಡಗಿದನು. ಮನೆಯ ನೆಲಮಾಳಿಗೆಯಲ್ಲಿ ದಿನವೂ ಹದಿನೈದು ನಿಮಿಷ ಬರಿದಾದ ಪಿಸ್ತೂಲಿನಿಂದ ಅಭ್ಯಾಸ. ಗುಂಡುಗಳು ಮೇಲಿನ ಕೋಣೆಯಲ್ಲಿ ಬೀಗದಲ್ಲಿ. ಟ್ರಿಗರನ್ನು ಒತ್ತುವಾಗ ಮುಂದಿನ ಗುರಿಗೂಟ ಕದಲಕೂಡದು, ಇದೊಂದೇ ಪಾಠ. ಸಿಡಿತದ ಒದೆತವನ್ನು ಮೊದಲೇ ನಿರೀಕ್ಷಿಸಿ ಕೈ ಬಿಗಿಯುವುದರಿಂದ ನಳಿಗೆ ಕೆಳಕ್ಕೆ ಬಾಗುವುದಂತೆ. ಹೊಸಬರ ಗುಂಡು ಕೆಳಕ್ಕೆ ಬೀಳುವುದು ಇದರಿಂದಲೇ. ಬರಿಯ ಪಿಸ್ತೂಲಿನಲ್ಲಿ ಆ ಅಂಜಿಕೆಗೆ ಕಾರಣವಿಲ್ಲದ್ದರಿಂದ ಕೈ ಮೆಲ್ಲಗೆ ಅದನ್ನು ಮರೆಯುವುದು. ಐದನೆಯ ಭಾನುವಾರದ ಹೊತ್ತಿಗೆ ಅವನ ಫಲ 3ರ ಹತ್ತಿರಕ್ಕೆ ಬಂದಿತು. ಬಿಳಿಯ ಹಲಗೆಗಳಿಗೆ ನಾನು ಅವನ ಪಾಲಿನ ಅಂಟುಕಾಗದವನ್ನು ಹಚ್ಚಬೇಕಾಗಲಿಲ್ಲ.

ಇಷ್ಟು ಗುರಿಯ ಮಾತಾಯಿತು. ಆದರೆ ಅವಧಾನವೆಂಬುದರ ಪೂರ್ಣಾರ್ಥವನ್ನು ನಾನು ಕಂಡುದು ಮೂರನೆಯ ಭಾನುವಾರ. ಆ ದಿನ ಎಲ್ಲರಿಗಿಂತ ಮುಂದಿದ್ದವನು ಹತ್ತು ಹನ್ನೆರಡು ವರ್ಷಗಳಿಂದ ಅಭ್ಯಾಸವಿದ್ದವನು. ಅಂಗಳದ ಎಡದಿಂದ ಬಲಕ್ಕೆ ಓಡುತ್ತ ಅವನು ಮ್ಯಾಗಜೀನನ್ನು ಬದಲಿಸುತ್ತಿದ್ದನು. ನಿರೀಕ್ಷಕನು "ನಿಲ್ಲು" ಎಂದು ಕೂಗಿದನು. ಓಡುವಾಗ ಅವನ ಬೆರಳು ಟ್ರಿಗರಿನ ಬಳೆಯೊಳಗೆ ಇದ್ದಿತು. ಗುಂಡು ಸಿಡಿಯಲಿಲ್ಲ, ಯಾರಿಗೂ ಏನೂ ಆಗಲಿಲ್ಲ, ನಳಿಗೆ ದಿಬ್ಬದ ಕಡೆಗೇ ಇದ್ದಿತು. ಆದರೂ ಅವನ ಆ ದಿನದ ಆಟ ಮುಗಿದುಹೋಯಿತು. ಆ ಅಂಗಳ ಮಾತ್ರವಲ್ಲ, ಹಿಂದೆ ಗೆದ್ದ ಅಂಗಳಗಳ ಅಂಕಗಳೂ ಹೋದುವು. ನಳಿಗೆಯು ಸ್ಪರ್ಧಿಯ ಎಡಬಲಗಳ ಗೆರೆಯನ್ನು ದಾಟಿ ಹಿಂದಕ್ಕೆ ತಿರುಗಿದರೂ, ಪಿಸ್ತೂಲು ಕೈಜಾರಿ ಬಿದ್ದರೂ ಇದೇ ಶಿಕ್ಷೆ. ಗುರಿ ತಪ್ಪಿದರೆ 10 ಅಂಕ. ಎಚ್ಚರ ತಪ್ಪಿದರೆ ಸರ್ವಸ್ವ. ಪರಿಣಾಮವಾಗಿ ಹಾನಿಯಾಯಿತೇ ಎಂದು ಅಲ್ಲಿ ಕೇಳುವವರಿಲ್ಲ. ಪರೀಕ್ಷೆಯಲ್ಲಿ ಉತ್ತರ ಸರಿಯಾಗಿ ಬಂದುದರಿಂದ ತಪ್ಪು ಕ್ರಮವನ್ನು ಮನ್ನಿಸಿಬಿಡುವ ನಮ್ಮ ವಾಡಿಕೆಯನ್ನು ನೆನೆದು ನಾನು ಬಹು ಹೊತ್ತು ಯೋಚಿಸಿದೆನು.

ಆ ಮನುಷ್ಯನು ವಾದಿಸಲಿಲ್ಲ. ತಲೆಯಲ್ಲಾಡಿಸಿ, ಪಿಸ್ತೂಲನ್ನು ಬರಿದುಮಾಡಿ ತೋರಿಸಿ, ಪೆಟ್ಟಿಗೆಯಲ್ಲಿಟ್ಟು ಬಂದು ನನ್ನ ಪಕ್ಕದಲ್ಲಿ ಅಂಟುಕಾಗದದ ಸುರುಳಿಯನ್ನು ಹಿಡಿದನು. ಸಂಜೆಯ ತನಕ ಇತರರ ತೂತುಗಳನ್ನು ಮುಚ್ಚಿದನು. ಆ ದಿನ ಗೆದ್ದವನ ಹೆಸರು ನನಗೆ ಮರೆತುಹೋಗಿದೆ. ಇವನ ಮುಖ ಮರೆತಿಲ್ಲ.

ಹೊಡೆದು ಮುಗಿಸಿದ ಮೇಲೆ ಪ್ರತಿಯೊಬ್ಬನೂ ಮಾಡತಕ್ಕ ಒಂದು ವಿಧಿಯುಂಟು. ನಿರೀಕ್ಷಕನ ಮಾತಿನಂತೆ ಮ್ಯಾಗಜೀನನ್ನು ತೆಗೆದು, ನಳಿಗೆಯೊಳಗಿನ ಗುಂಡನ್ನು ಹೊರಡಿಸಿ, ಬರಿದಾದ ಗೂಡನ್ನು ಅವನಿಗೆ ತೋರಿಸಿ, ದಿಬ್ಬದ ಕಡೆಗೆ ಟ್ರಿಗರನ್ನು ಒಮ್ಮೆ ಒತ್ತಿ, ಒರೆಗೆ ಸೇರಿಸಬೇಕು. ಅದಾದ ಮೇಲೆಯೇ ಅಂಗಳವು ನಿರ್ಭಯವೆಂದು ನಿರೀಕ್ಷಕನು ಸಾರುವನು. ಅಲ್ಲಿಯ ತನಕ ಯಾರೊಬ್ಬರೂ ಮುಂದಕ್ಕೆ ಹೆಜ್ಜೆಯಿಡರು. ನಮ್ಮ ಶಾಸ್ತ್ರದಲ್ಲಿ ಇದಕ್ಕೆ ಉಪಸಂಹಾರವೆಂದು ಹೆಸರು. ಸೌಪ್ತಿಕ ಪರ್ವದಲ್ಲಿ ಅಶ್ವತ್ಥಾಮನೂ ಅರ್ಜುನನೂ ಒಂದೇ ಮಹಾಸ್ತ್ರವನ್ನು ಪ್ರಯೋಗಿಸಿದರು. ಋಷಿಗಳು ನಡುವೆ ಬಂದಾಗ ಅರ್ಜುನನು ತನ್ನದನ್ನು ಹಿಂದಕ್ಕೆ ತೆಗೆದುಕೊಂಡನು. ಅಶ್ವತ್ಥಾಮನಿಗೆ ಅದು ಸಾಧ್ಯವಾಗಲಿಲ್ಲ, ಅಸ್ತ್ರವು ಉತ್ತರೆಯ ಗರ್ಭದ ಕಡೆಗೆ ಹೋಯಿತು. ಇಬ್ಬರಿಗೂ ಗುರು ಒಬ್ಬನೇ. ಬಿಡುವ ಮಂತ್ರ ಇಬ್ಬರಿಗೂ ಗೊತ್ತು. ವ್ಯತ್ಯಾಸವಿದ್ದುದು ಹಿಂದಕ್ಕೆ ತರುವುದರಲ್ಲಿ. ಅದರ ಗುರಿಯಾದದ್ದು ಯುದ್ಧಕ್ಕೆ ಬಾರದ ಒಂದು ಶಿಶು.

ಈ ಕಥೆ ನೆನಪಿಗೆ ಬಂದ ಮೇಲೆ ಸೊಸೆಯ ಪ್ರಶ್ನೆಗೆ ಉತ್ತರ ಹೇಳಲು ನನಗೆ ಹಾದಿ ಕಂಡಿತು. ಮೈದಾನದಲ್ಲಿ ಪಕ್ಕಕ್ಕೆ ನಿರೀಕ್ಷಕನಿದ್ದಾನೆ, ಸುತ್ತಲೂ ದಿಬ್ಬವಿದೆ, ಹತ್ತು ಜೊತೆ ಕಣ್ಣುಗಳಿವೆ. ಮನೆಯಲ್ಲಿ ಇವು ಯಾವುವೂ ಇಲ್ಲ. 2020ರಲ್ಲಿ ಆ ದೇಶದಲ್ಲಿ 1ರಿಂದ 19 ವರ್ಷದೊಳಗೆ ಸತ್ತವರ ಮರಣಕಾರಣಗಳಲ್ಲಿ ಬಂದೂಕಿನ ಗಾಯವು ವಾಹನದ ಅಪಘಾತವನ್ನೂ ಮೀರಿ ಮೊದಲನೆಯ ಸ್ಥಾನಕ್ಕೆ ಬಂದಿತು. ಆ ಮಕ್ಕಳ ತಂದೆಗಳಲ್ಲಿ ಗುರಿಕಾರರು ಇರಲಿಲ್ಲವೆಂದು ಯಾರು ಹೇಳಬಲ್ಲರು? ಮೈದಾನದ ಬಾಗಿಲಲ್ಲಿ ಮುಗಿದುಹೋಗುವ ಅವಧಾನವು ಅರ್ಧವಿದ್ಯೆ.

ಇದನ್ನು ನಾನು ಮಗನಿಗೆ ಸೊಸೆಯ ಮುಂದೆಯೇ ಹೇಳಿದೆನು. ಅವನು ಸುಮ್ಮನೆ ಕೇಳಿದನು. ಆ ವಾರದಲ್ಲಿಯೇ ಗೋಡೆಗೆ ತಿರುಪಿನಿಂದ ಬಿಗಿದ ಉಕ್ಕಿನ ಪೆಟ್ಟಿಗೆಯೊಂದು ಬಂದಿತು. ಪಿಸ್ತೂಲು ಅದರಲ್ಲಿ, ಗುಂಡುಗಳು ಬೇರೆ ಕೋಣೆಯ ಬೇರೆ ಪೆಟ್ಟಿಗೆಯಲ್ಲಿ. ಗುಂಡಿನ ಪೆಟ್ಟಿಗೆಯ ಬೀಗದ ಕೈ ಸೊಸೆಯ ವಶದಲ್ಲಿರತಕ್ಕದ್ದೆಂದು ಅವನೇ ಸೂಚಿಸಿದನು. ಭಾನುವಾರ ಬೆಳಿಗ್ಗೆ ಆಕೆ ತೆಗೆದುಕೊಟ್ಟರೆ ಅವನು ಹೊರಡುವನು. ಸಂಜೆ ಬಂದೊಡನೆ ಮೈದಾನದಲ್ಲಿ ನಿರೀಕ್ಷಕನಿಗೆ ತೋರಿಸುವಂತೆಯೇ ಬರಿದಾದ ಗೂಡನ್ನು ಆಕೆಗೆ ತೋರಿಸಿ ಒಳಗಿಡುವನು. ಮೊಮ್ಮಗನಿಗೂ ಒಂದು ಪಾಠವಾಯಿತು: ಯಾರ ಮನೆಯಲ್ಲಾಗಲಿ ಬಂದೂಕನ್ನು ಕಂಡರೆ ಮುಟ್ಟದೆ ಹೊರಗೆ ಬಂದು ದೊಡ್ಡವರಿಗೆ ಹೇಳತಕ್ಕದ್ದು. ಅವನು ಅದನ್ನು ಶ್ಲೋಕದಂತೆ ಒಪ್ಪಿಸುವುದನ್ನು ಕಲಿತನು. ಒಪ್ಪಿಸಿದ ಮಾತ್ರಕ್ಕೆ ಪೆಟ್ಟಿಗೆಯ ಬೀಗವನ್ನು ಸಡಿಲಿಸುವುದಿಲ್ಲವೆಂದು ಸೊಸೆ ಹೇಳಿದಳು. ಅದು ಸರಿಯಾದ ಮಾತು.

ಆಕೆಗೆ ಇಂದಿಗೂ ಮನಸ್ಸು ಪೂರ್ಣವಾಗಿ ಒಪ್ಪಿಲ್ಲ. ದೂರವಾಣಿಯಲ್ಲಿ ಮಾತನಾಡುವಾಗ "ಪೆಟ್ಟಿಗೆಯಿದೆ, ಬೀಗವಿದೆ, ಆದರೂ ಭಾನುವಾರ ಸಂಜೆ ಅವರು ಬಂದು ತೋರಿಸುವ ತನಕ ನನಗೆ ಬೇರೆ ಕೆಲಸ ಓಡುವುದಿಲ್ಲ" ಎನ್ನುತ್ತಾಳೆ. ಆ ಶಂಕೆಯನ್ನು ಬಿಡಿಸಲು ನಾನು ಯತ್ನಿಸಿಲ್ಲ. ಲ್ಯಾಟಿನ್ ಪದದ ಧಾತ್ವರ್ಥವನ್ನು ಒಂದು ದಿನ ಆಕೆಗೆ ವಿವರಿಸಿದೆನು. ಆಕೆ ನಕ್ಕು, "ಹಾಗಾದರೆ ಆ ಮನೆಯಲ್ಲಿ ಆ ವಿದ್ಯೆಯ ಮೊದಲನೆಯ ಪಾಠ ನನಗೇ ಬರುತ್ತದೆ" ಎಂದಳು.

ನಮ್ಮ ಊರುಗಳಲ್ಲಿ ಪಿಸ್ತೂಲಿನ ಪ್ರಸ್ತಾಪ ಬಾರದ ಮನೆಗಳೇ ಬಹಳ. ಆದರೆ ಬಲವನ್ನೂ ವೇಗವನ್ನೂ ಮಕ್ಕಳ ಕೈಗೆ ಕೊಡುವ ಪ್ರಸಂಗ ಯಾವ ಮನೆಗೂ ತಪ್ಪಿದ್ದಲ್ಲ. ಹದಿನೆಂಟು ತುಂಬಿದ ಹುಡುಗನಿಗೆ ಮೋಟಾರು ಸೈಕಲು ಬರುತ್ತದೆ. ಅದನ್ನು ಹೇಗೆ ಓಡಿಸುವುದೆಂದು ಕಲಿಸುವವರು ಹತ್ತು ಮಂದಿ, ಹೇಗೆ ನಿಲ್ಲಿಸುವುದೆಂದು ಕಲಿಸುವವರು ಒಬ್ಬರೋ ಇಬ್ಬರೋ. ಧ್ಯೇಯವಾಕ್ಯವನ್ನು ಕಟ್ಟಿದವರು ಪದಗಳ ಅನುಕ್ರಮವನ್ನು ಕಾರಣವಿಲ್ಲದೆ ಇಟ್ಟಿರಲಾರರು. ಮೊದಲನೆಯದು ಅವಧಾನ, ಬಲವೂ ವೇಗವೂ ಅದರ ಹಿಂದೆ.